ಮಾತಿಗೊಂದು ದಿಕ್ಕು

ತಂತಿಯ ನೆರವಿಲ್ಲದೆ ಸುದ್ದಿ ಕಳುಹಿಸುವ ವಿದ್ಯೆ ದಿಕ್ಕನ್ನು ಹಿಡಿದೇ ಹುಟ್ಟಿತು. 1888ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ಹೈನ್ರಿಕ್ ಹರ್ಟ್ಸ್ ಸತುವಿನ ತಗಡನ್ನು ಬಾಗಿಸಿ ದೊಡ್ಡ ಕನ್ನಡಿಗಳನ್ನು ಮಾಡಿ, ವಿದ್ಯುತ್ಕಾಂತ ತರಂಗಗಳನ್ನು ದೀಪದ ಬೆಳಕಿನಂತೆ ಒಂದೇ ಕಡೆಗೆ ಹಾಯಿಸಿದನು. ಆಮೇಲೆ ಬಂದ ಬಾನುಲಿ ಈ ದಿಕ್ಕನ್ನು ಬೇಕೆಂದೇ ಬಿಟ್ಟುಕೊಟ್ಟಿತು. ಒಬ್ಬರು ನುಡಿದದ್ದು ಸುತ್ತಲಿನವರೆಲ್ಲರಿಗೂ ಕೇಳಬೇಕೆಂಬುದೇ ಅದರ ಧರ್ಮ. ಆದರೆ ಎಲ್ಲರೂ ನುಡಿಯುವವರೇ ಆದಾಗ ಏನಾಗುತ್ತದೆ? ನಾನು ಈಗ ಹೇಳಹೊರಟಿರುವುದು ಆ ಪ್ರಶ್ನೆಯ ಚರಿತ್ರೆ.

1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ಗಣಕಯಂತ್ರದ ಸಂಪರ್ಕವನ್ನು ರೇಡಿಯೋದ ಮೂಲಕ ಏರ್ಪಡಿಸಿದರು. ಸುದ್ದಿಯನ್ನು ಪ್ಯಾಕೆಟ್ಟುಗಳೆಂಬ ಸಣ್ಣ ಕಟ್ಟುಗಳಾಗಿ ಒಡೆದು, ತೋಚಿದಾಗ ಕಳುಹಿಸುವುದು. ಎರಡು ಕಟ್ಟುಗಳು ಡಿಕ್ಕಿ ಹೊಡೆದರೆ ಕೊಂಚ ತಡೆದು ಮತ್ತೆ ಕಳುಹಿಸುವುದು, ಇದು ಅವರ ಕ್ರಮ. ಲೆಕ್ಕ ಹಾಕಿದರೆ, ಕಾಲುವೆಯ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇಕಡ 18ರಷ್ಟು ಮಾತ್ರ ಸಾರ್ಥಕವಾಗುತ್ತಿತ್ತು. ಸುದ್ದಿ ಮುಟ್ಟುತ್ತಿತ್ತು, ಯಾವಾಗ ಮುಟ್ಟುವುದೆಂಬ ಭರವಸೆ ಮಾತ್ರ ಇರಲಿಲ್ಲ.

ಅದೇ ದಶಕದಲ್ಲಿ ಅಮೆರಿಕದ ರಕ್ಷಣಾ ಸಂಶೋಧನ ಸಂಸ್ಥೆಯ ನೆರವಿನಿಂದ ಪ್ಯಾಕೆಟ್ ರೇಡಿಯೋ ಜಾಲ ಕ್ಯಾಲಿಫೋರ್ನಿಯದಲ್ಲಿ ರೂಪುಗೊಂಡಿತು. ಅಲ್ಲಿ ಸುದ್ದಿ ರೇಡಿಯೋದಿಂದ ರೇಡಿಯೋಗೆ ಕೈದಾಟಿ ಸಾಗುತ್ತಿತ್ತು. ಈ ವಿಚಾರ ಪಕ್ವವಾಗಿ, ಗೋಪುರವಾಗಲಿ ಕೇಂದ್ರವಾಗಲಿ ಇಲ್ಲದೆ, ಚಲಿಸುವ ಯಂತ್ರಗಳೇ ಪರಸ್ಪರ ಓಲೆಕಾರರಾಗುವ ತತ್ಕಾಲ ಜಾಲದ ಕಲ್ಪನೆ ಮೂಡಿತು. 1997ರಲ್ಲಿ ಇಂತಹ ಜಾಲಗಳಿಗೆ ನಿಯಮ ರಚಿಸಲು ಒಂದು ಅಂತರರಾಷ್ಟ್ರೀಯ ಕಾರ್ಯತಂಡ ಏರ್ಪಟ್ಟಿತು. 2003ರಲ್ಲಿ ಪ್ರಕಟವಾದ ಎ.ಒ.ಡಿ.ವಿ. ಎಂಬ ಮಾರ್ಗವಿಧಿ ಅದರ ಫಲಗಳಲ್ಲೊಂದು. ಆ ವಿಧಿ ದಾರಿ ಉಂಟೇ ಎಂದು ಕೇಳುತ್ತದೆ. ದಾರಿ ಎಷ್ಟು ಅಗಲವೆಂದು ವಿಚಾರಿಸುವುದಿಲ್ಲ.

ಈ ಅಗಲದ ಪ್ರಶ್ನೆ ಸಣ್ಣದಲ್ಲ. ನೆರೆ ಬಂದು ಗೋಪುರಗಳು ಬಿದ್ದ ಊರಿನಲ್ಲಿ ರಕ್ಷಣೆಗೆ ಹೋದವರಿಗೆ ಇಂತಹ ಜಾಲವೇ ಆಸರೆ. ಓಲೆ ಕಾದೀತು, ವೈದ್ಯನೊಡನೆ ಆಡುವ ಮಾತು ಕಾಯಲಾರದು. ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಸಂಭಾಷಣೆ ಸರಾಗ. ಅದು ಮೀರುತ್ತ ಹೋದಂತೆ ಮಾತು ಮಾತಿಗೆ ಅಡ್ಡ ಬರತೊಡಗುತ್ತದೆ.

ಸಾಲಾಗಿ ನಾಲ್ಕು ನಿಲಯಗಳಿವೆಯೆಂದುಕೊಳ್ಳಿ. ಪ್ರತಿಯೊಂದರ ದನಿಯೂ ಪಕ್ಕದ್ದಕ್ಕೆ ಮಾತ್ರ ಕೇಳುತ್ತದೆ. ಮೂರನೆಯದು ನಾಲ್ಕನೆಯದಕ್ಕೆ ಹೇಳುವ ಮಾತು ಹಿಂದಕ್ಕೂ ಹರಡಿ ಎರಡನೆಯದರ ಕಿವಿಗೆ ಬೀಳುವುದರಿಂದ, ಆ ಹೊತ್ತು ಒಂದನೆಯದು ಎರಡನೆಯದಕ್ಕೆ ಏನನ್ನೂ ಹೇಳುವಂತಿಲ್ಲ. ಮೂರು ಸರದಿಗೆ ಒಂದು ಸುದ್ದಿ ಮಾತ್ರ ಸಾಗುತ್ತದೆ. ದಾರಿಯ ಅಗಲ ಮೂರನೆಯ ಒಂದು ಪಾಲಿಗೆ ಇಳಿಯಿತು. ಈಗ ನಿಲಯಗಳಿಗೆ ದಿಕ್ಕುಳ್ಳ ಆಂಟೆನಾ ಕೊಡೋಣ. ಒಂದು ಕಾಲದಲ್ಲಿ ಟಿ.ವಿ.ಗಾಗಿ ನಮ್ಮ ಮಾಳಿಗೆಗಳ ಮೇಲೆ ನಿಲ್ಲಿಸುತ್ತಿದ್ದ, 1926ರಲ್ಲಿ ಜಪಾನಿನ ಉಡ ಮತ್ತು ಯಾಗಿ ಲೋಕಕ್ಕೆ ತಿಳಿಸಿದ ಏರಿಯಲ್ ಅಂತಹದೇ. ಮೂರನೆಯದರ ದನಿ ಮುಂದಕ್ಕೆ ಮಾತ್ರ ಹೋದರೆ, ಒಂದನೆಯದೂ ಅದೇ ಹೊತ್ತಿನಲ್ಲಿ ಮಾತನಾಡಬಹುದು. ಅಗಲ ಅರ್ಧಕ್ಕೆ ಏರಿತು. ಹರ್ಟ್ಸನ ಕನ್ನಡಿ ಹೀಗೆ ಹೊಸ ಕೆಲಸಕ್ಕೆ ಮರಳಿತು.

ಆದರೆ ಇದಕ್ಕೊಂದು ಬೆಲೆಯುಂಟು. ಒಂದು ಕಡೆಗೆ ಮುಖಮಾಡಿದವನಿಗೆ ಬೆನ್ನ ಹಿಂದಿನ ಕೂಗು ಕೇಳದು. ಕರೆದವನು ಉತ್ತರ ಬಾರದ್ದನ್ನು ಕಂಡು ಡಿಕ್ಕಿಯಾಯಿತೆಂದು ಬಗೆದು, ಮತ್ತೆ ಮತ್ತೆ ಕರೆದು, ಪ್ರತಿ ಸಲವೂ ಹೆಚ್ಚು ಹೊತ್ತು ಕಾಯುತ್ತಾನೆ. ರೋಮಿತ್ ರಾಯ್ ಚೌಧುರಿ, ನಿತಿನ್ ವೈದ್ಯ ಮೊದಲಾದವರು 2002ರಲ್ಲಿ ಈ ತೊಡಕನ್ನು ಕಿವುಡುತನವೆಂದೇ ಕರೆದು ವಿವೇಚಿಸಿದರು. ದಿಕ್ಕಿನಿಂದ ಗಳಿಸಿದ ಅಗಲವನ್ನು ಈ ಕಾಯುವಿಕೆ ನುಂಗಿಹಾಕಬಲ್ಲದು.

ಆದ್ದರಿಂದ ಸೇವೆಯ ಗುಣಮಟ್ಟಕ್ಕೆ ಮಾತು ಕೊಡುವ ಮಾರ್ಗವಿಧಿ, ದಾರಿಯಲ್ಲಿರುವವರನ್ನು ಕೇಳಿದರೆ ಸಾಲದು. ದಾರಿಯ ಪಕ್ಕದವರು ಯಾವ ಸರದಿಯಲ್ಲಿ ಯಾವ ಕಡೆಗೆ ತಿರುಗಿರುವರೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಯಂತ್ರಗಳು ಚಲಿಸಿದೊಡನೆ ಆ ಲೆಕ್ಕವನ್ನು ಮತ್ತೆ ಹಾಕಬೇಕು. ಹಾಗಾಗಿ ಇಲ್ಲಿ ದಾರಿ ಹುಡುಕುವುದರಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿದೆಯೆಂದು ನನಗೆ ತೋರುತ್ತದೆ: ಅಗಲ ಸಾಲದಿದ್ದಾಗ ಹೊಸ ಕರೆಯನ್ನು ಮೊದಲೇ ಆಗದೆಂದು ತಿಳಿಸುವುದು. ನೆರೆಯ ನಡುವೆ ನಿಂತವನು ಅಷ್ಟು ತಿಳಿದರೆ ಬೇರೆ ಉಪಾಯವನ್ನಾದರೂ ಹುಡುಕಿಯಾನು.