ಕೃತಕಮಾನವನ ಕೈಗಳು: ಫ್ರಾಂಕೆನ್‌ಸ್ಟೈನ್ ಚಿತ್ರಮಾಲಿಕೆಯಲ್ಲಿ ಭಯಾನಕವು ಹಾಸ್ಯವಾದ ಬಗೆ (1931–1948)

ಭಯಾನಕ ಚಿತ್ರವೊಂದು ಜನಪ್ರಿಯವಾಗಿ, ಅದರ ಬೆನ್ನಿಗೆ ಎರಡನೆಯದೂ ಮೂರನೆಯದೂ ಹುಟ್ಟಿ, ಮೊದಲು ಯಾವುದನ್ನು ಕಂಡು ದೊಡ್ಡವರು ಕಣ್ಣು ಮುಚ್ಚಿಕೊಂಡಿದ್ದರೋ ಕಡೆಗೆ ಅದನ್ನೇ ಕಂಡು ಮಕ್ಕಳು ಚಪ್ಪಾಳೆ ತಟ್ಟುವ ಸ್ಥಿತಿ ಒದಗುವುದು ಚಲನಚಿತ್ರದ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣಬರುವ ಸಂಗತಿ. ಪರಿಚಯ ಬೆಳೆದಷ್ಟೂ ಭಯ ಸವೆಯುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಸಮಾಧಾನ. ಅದು ತಪ್ಪಲ್ಲ, ಆದರೆ ಅಸಮಗ್ರ. ಅಮೆರಿಕದ ಯೂನಿವರ್ಸಲ್ ಸಂಸ್ಥೆಯು 1931ರಿಂದ 1948ರವರೆಗೆ ತೆಗೆದ ಎಂಟು ಫ್ರಾಂಕೆನ್‌ಸ್ಟೈನ್ ಚಿತ್ರಗಳನ್ನು ಅನುಕ್ರಮವಾಗಿ ಪರಿಶೀಲಿಸಿದರೆ, ಮೊದಲು ಸವೆದುದು ಭಯವಲ್ಲ, ಭಯದೊಡನೆ ಹಾಸುಹೊಕ್ಕಾಗಿ ಬೆರೆತಿದ್ದ ಕರುಣವೆಂಬುದು ಗೋಚರವಾಗುತ್ತದೆ. ಕರುಣವು ಹೊರಟುಹೋದ ಮೇಲೆ ಭಯಕ್ಕೆ ಆಧಾರ ತಪ್ಪಿ, ಅದು ತಾನಾಗಿಯೇ ಹಾಸ್ಯದ ಕಡೆಗೆ ಜಾರಿತೆಂಬುದು ಈ ಲೇಖನದ ಪ್ರತಿಪಾದನೆ.

ರಸಗಳ ಈ ಬಾಂಧವ್ಯವನ್ನು ಕುರಿತು ನಮ್ಮ ಆಲಂಕಾರಿಕರು ಆಗಲೇ ಯೋಚಿಸಿದ್ದರು. ಭರತನು ಶೃಂಗಾರ, ರೌದ್ರ, ವೀರ, ಬೀಭತ್ಸಗಳೆಂಬ ನಾಲ್ಕನ್ನು ಮೂಲವಾಗಿಟ್ಟುಕೊಂಡು ಹಾಸ್ಯ, ಕರುಣ, ಅದ್ಭುತ, ಭಯಾನಕಗಳು ಕ್ರಮವಾಗಿ ಅವುಗಳಿಂದ ಹುಟ್ಟುವುವೆಂದು ಹೇಳಿ, ಶೃಂಗಾರದ ಅನುಕೃತಿಯೇ ಹಾಸ್ಯವೆಂದನು. ಅಭಿನವಗುಪ್ತನು ಅದನ್ನು ಇನ್ನೂ ವಿಸ್ತರಿಸಿ, ಯಾವ ರಸದ ಆಭಾಸವೇ ಆಗಲಿ ಹಾಸ್ಯಕ್ಕೆ ಕಾರಣವಾಗಬಲ್ಲುದೆಂದು ತೋರಿಸಿದನು. ಚಿತ್ರದ ಉತ್ತರಭಾಗವೆಂಬುದು ಸ್ವಭಾವತಃ ಅನುಕೃತಿ. ಹಾಲಿವುಡ್ಡಿನ ಸ್ಟುಡಿಯೋದವರು ಅಭಿನವಗುಪ್ತನ ಹೆಸರನ್ನು ಕೇಳಿದ್ದಿರಲಾರರು. ಆದರೂ ಹದಿನೇಳು ವರ್ಷಗಳಲ್ಲಿ ಅವರು ಅವನ ಮಾತಿಗೆ ಎಂಟು ಉದಾಹರಣೆಗಳನ್ನು ಒದಗಿಸಿದರು.

ಮೇರಿ ಶೆಲ್ಲಿಯ 1818ರ ಕಾದಂಬರಿಯಲ್ಲಿ ಕೃತಕಮಾನವನು ಮಹಾವಾಗ್ಮಿ; ಪ್ಲುಟಾರ್ಕನನ್ನೂ ಮಿಲ್ಟನನನ್ನೂ ಓದಿಕೊಂಡವನು. 1931ರ ನವೆಂಬರಿನಲ್ಲಿ ತೆರೆಗೆ ಬಂದ ಚಿತ್ರದಲ್ಲಿ ನಿರ್ದೇಶಕ ಜೇಮ್ಸ್ ವೇಲನು ಅವನ ನಾಲಗೆಯನ್ನು ಪೂರ್ತಿಯಾಗಿ ಕಿತ್ತುಕೊಂಡು, ಅದಕ್ಕೆ ಪ್ರತಿಯಾಗಿ ಕೈಗಳನ್ನು ಕೊಟ್ಟನು. ಆ ಪಾತ್ರವನ್ನು ವಹಿಸಿದ ಬೋರಿಸ್ ಕಾರ್ಲಾಫನ ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. ಅವನ ತಂದೆ ಬ್ರಿಟಿಷ್ ಇಂಡಿಯಾದ ಉಪ್ಪಿನ ತೆರಿಗೆಯ ಇಲಾಖೆಯಲ್ಲಿದ್ದವನೆಂಬುದು ನಮಗೆ ತುಸು ಕುತೂಹಲ ತರುವ ವಿಷಯ. ನಲವತ್ತಮೂರು ವರ್ಷ ವಯಸ್ಸಾಗಿದ್ದ, ಸಣ್ಣಪುಟ್ಟ ವೇಷಗಳಲ್ಲೇ ಕಾಲ ಕಳೆದಿದ್ದ ಈ ನಟನ ಹೆಸರನ್ನು ಸಂಸ್ಥೆಯವರು ಆರಂಭದ ಪಾತ್ರಪಟ್ಟಿಯಲ್ಲಿ ನಮೂದಿಸದೆ, ಆ ಜಾಗದಲ್ಲಿ ಒಂದು ಪ್ರಶ್ನಚಿಹ್ನೆಯನ್ನು ಮಾತ್ರ ಹಾಕಿದರು.

ಆ ಚಿತ್ರದ ಒಂದು ಸನ್ನಿವೇಶವನ್ನು ಸಾವಧಾನವಾಗಿ ನೋಡಬೇಕು. ಕತ್ತಲ ಕೋಣೆಯಲ್ಲಿ ಕೃತಕಮಾನವನು ಕುರ್ಚಿಯ ಮೇಲೆ ಕುಳಿತಿದ್ದಾನೆ. ಅವನನ್ನು ಮಾಡಿದ ಹೆನ್ರಿ ಫ್ರಾಂಕೆನ್‌ಸ್ಟೈನನು ಮಾಡಿನ ಕಿಂಡಿಯೊಂದನ್ನು ಎಳೆದು ತೆಗೆಯುತ್ತಾನೆ, ಬೆಳಕು ಬೀಳುತ್ತದೆ. ಕೃತಕಮಾನವನು ಮುಖವೆತ್ತಿ, ಮೆಲ್ಲನೆ ಎದ್ದು, ಎರಡು ಕೈಗಳನ್ನೂ ಮೇಲಕ್ಕೆ ಚಾಚಿ, ಬೆಳಕು ಹಿಡಿಯಬಹುದಾದ ವಸ್ತುವೋ ಎಂಬಂತೆ ತಡವುತ್ತಾನೆ. ಕಿಂಡಿ ಮುಚ್ಚುತ್ತದೆ. ಆಗ ಆ ಕೈಗಳು ಕೆಳಗಿಳಿದು, ಅಂಗೈ ಮೇಲಾಗಿ, ಒಡೆಯನ ಮುಂದೆ ಬೇಡುತ್ತವೆ. ಜ್ಯಾಕ್ ಪಿಯರ್ಸನು ಗಂಟೆಗಟ್ಟಲೆ ಕುಳಿತು ಬಳಿದ ಬಣ್ಣವೂ ಕುತ್ತಿಗೆಯ ಲೋಹದ ಗೂಟಗಳೂ ಚಪ್ಪಟೆಯಾದ ತಲೆಯೂ ಪ್ರೇಕ್ಷಕನನ್ನು ಬೆಚ್ಚಿಸುವುದು ಒಂದು ಕ್ಷಣ. ಈ ಕೈಗಳು ಅವನನ್ನು ಬಿಡುವುದೇ ಇಲ್ಲ. ಕೆರೆಯ ದಂಡೆಯಲ್ಲಿ ಮರಿಯಾ ಎಂಬ ಪುಟ್ಟ ಹುಡುಗಿಯೊಡನೆ ಹೂವುಗಳನ್ನು ನೀರಿಗೆ ಎಸೆದು ತೇಲಿಸುತ್ತ, ಹೂ ಮುಗಿದ ಮೇಲೆ ಅವಳೂ ತೇಲುವಳೆಂದು ನಂಬಿ ಅವಳನ್ನೇ ಎಸೆದುಬಿಡುವ ಭಾಗದಲ್ಲಂತೂ ಭಯವೂ ಕರುಣವೂ ಒಂದೇ ಎಳೆಯಾಗಿ ಹೆಣೆದುಕೊಂಡಿವೆ. ಕತ್ತರಿ ಹಿಡಿದವರಿಗೆ ಇದು ತಿಳಿಯಲಿಲ್ಲ. ಎಸೆಯುವ ತುಣುಕನ್ನು ತೆಗೆದುಹಾಕಿದ್ದರಿಂದ ಚಿತ್ರವು ಹುಡುಗಿಯ ಕಡೆಗೆ ಚಾಚಿದ ಕೈಗಳಲ್ಲಿ ನಿಂತು, ಅಲ್ಲಿಂದ ನೇರವಾಗಿ ಅವಳ ಶವವನ್ನು ಹೊತ್ತು ನಡೆಯುವ ತಂದೆಗೆ ಹಾರಿತು. ಮಗುವಿನಂಥವನೊಬ್ಬನ ಅಜ್ಞಾನವು ಪ್ರೇಕ್ಷಕನ ಊಹೆಯಲ್ಲಿ ಹೇಳಲಾಗದ ಪಾತಕವಾಗಿ ಪರಿಣಮಿಸಿತು. ಆ ತುಣುಕು ಮತ್ತೆ ಚಿತ್ರಕ್ಕೆ ಸೇರಿದ್ದು 1980ರ ದಶಕದಲ್ಲಿ.

ಉತ್ತರಭಾಗಗಳೆಲ್ಲವೂ ಅವನತಿಯೇ ಎಂಬ ರೂಢಿಯ ಅಭಿಪ್ರಾಯಕ್ಕೆ ಎರಡನೆಯ ಚಿತ್ರವೇ ಬಲವಾದ ಪ್ರತ್ಯುತ್ತರ. ಮುಂದಿನ ಭಾಗವನ್ನು ತೆಗೆಯಲು ವೇಲನಿಗೆ ಮನಸ್ಸಿರಲಿಲ್ಲ. ಕಡೆಗೆ ಒಪ್ಪಿಕೊಂಡು 1935ರಲ್ಲಿ ಅವನು ಕೊಟ್ಟ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಮೊದಲನೆಯದಕ್ಕಿಂತ ಶ್ರೇಷ್ಠವೆಂಬುದು ನನ್ನ ಎಣಿಕೆ. ಹಾಗೆಂದವರಲ್ಲಿ ನಾನು ಮೊದಲಿಗನೇನೂ ಅಲ್ಲ. ಪ್ರಶ್ನಚಿಹ್ನೆಯಾಗಿದ್ದವನ ಹೆಸರು ಈಗ ಬರಿಯ ‘ಕಾರ್ಲಾಫ್’ ಎಂದು ದಪ್ಪಕ್ಷರದಲ್ಲಿ ಬಂತು. ಪ್ರಶ್ನಚಿಹ್ನೆ ವಧುವಿನ ಪಾಲಿಗೆ ಹೋಯಿತು. ಪ್ರೇಕ್ಷಕರಿಗೆ ಮುಖ ಗುರುತಾಗಿರುವುದರಿಂದ ಮುಖದಿಂದ ಬೆಚ್ಚಿಸುವ ಉಪಾಯ ಇನ್ನು ನಡೆಯದೆಂಬುದನ್ನು ವೇಲನು ಸೂಕ್ಷ್ಮವಾಗಿ ಗ್ರಹಿಸಿ, ಕೃತಕಮಾನವನಿಗೆ ಮಾತು ಕಲಿಸಿದನು. ಕಾರ್ಲಾಫನಿಗೆ ಇದು ಹಿಡಿಸಲಿಲ್ಲ. ಮಾತಾಡಿದರೆ ಪಾತ್ರದ ಮೋಡಿ ಕೆಡುತ್ತದೆಂದು ಅವನು ವಾದಿಸಿದನು. ಆದರೆ ಕಾಡಿನ ಗುಡಿಸಿಲಿನಲ್ಲಿ ಪಿಟೀಲು ನುಡಿಸುತ್ತಿರುವ ಕುರುಡ ವೃದ್ಧನು ಬಾಗಿಲಿಗೆ ಬಂದ ಅಪರಿಚಿತನನ್ನು ಒಳಗೆ ಕರೆದು, ಉಣಿಸಿ, ಮಲಗಿಸಿ, ತನಗೊಬ್ಬ ಸಂಗಾತಿಯನ್ನು ಕಳಿಸಿದ್ದಕ್ಕಾಗಿ ದೇವರಿಗೆ ವಂದನೆ ಸಲ್ಲಿಸುವಾಗ, ಮಲಗಿದವನ ಕೆನ್ನೆಯ ಮೇಲೆ ಕಣ್ಣೀರು ಇಳಿಯುವ ಆ ಸನ್ನಿವೇಶವನ್ನೂ, ಮುಂದೆ ರೊಟ್ಟಿ, ಗೆಳೆಯ, ಒಳ್ಳೆಯದು ಎಂಬಂಥ ಮಾತುಗಳನ್ನು ಅವನು ಒಂದೊಂದಾಗಿ ಕಲಿಯುವುದನ್ನೂ ನೋಡಿದವರು ನಟನ ಪಕ್ಷವನ್ನು ವಹಿಸಲಾರರು. ನೋಟವಿಲ್ಲದವನ ಮನೆಯಲ್ಲಿ ಮಾತ್ರ ಇವನು ಮನುಷ್ಯ. ನೋಟವುಳ್ಳ ಇಬ್ಬರು ಬೇಟೆಗಾರರು ಬಂದೊಡನೆ ಗುಡಿಸಿಲು ಹೊತ್ತಿ ಉರಿಯುತ್ತದೆ.

ಹಾಸ್ಯವೂ ಈ ಚಿತ್ರದಲ್ಲಿ ಧಾರಾಳವಾಗಿದೆಯೆಂಬುದನ್ನು ಮರೆಯಬಾರದು. ಸೀಸೆಗಳಲ್ಲಿ ಗೇಣುದ್ದದ ರಾಜರಾಣಿಯರನ್ನು ಸಾಕಿಕೊಂಡಿರುವ ಡಾಕ್ಟರ್ ಪ್ರಿಟೋರಿಯಸನೂ ಕಿರಿಚಾಡುವ ಮುದಿ ದಾಸಿಯೂ ನಗೆಗಾಗಿಯೇ ಹುಟ್ಟಿದವರು. ಆದರೆ ಕೃತಕಮಾನವನು ನಮ್ಮ ನಗೆಗೆ ಈಡಾಗುವುದು ತೀರ ವಿರಳ. ವಧುವಿನ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಸವರುವವನನ್ನು ಕಂಡು ಅವಳು ಚೀರಿದಾಗ, ಆ ಕೈ ಎಷ್ಟು ಜಾಗ್ರತೆಯಾಗಿ ಹಿಂದೆ ಸರಿಯುತ್ತದೆಂಬುದನ್ನು ಕಂಡವರು ಯಾರೂ ನಗಲಿಲ್ಲ.

ಅಲ್ಲಿಂದ ಮುಂದಿನದು ಕಲೆಯ ಚರಿತ್ರೆಗಿಂತ ಹೆಚ್ಚಾಗಿ ಲೆಕ್ಕಪುಸ್ತಕದ ಚರಿತ್ರೆ. 1936ರಲ್ಲಿ ಸಂಸ್ಥಾಪಕ ಕಾರ್ಲ್ ಲೆಮ್ಲಿಯ ಮನೆತನವು ಸಾಲಕ್ಕೆ ಸಿಕ್ಕಿ ಸಂಸ್ಥೆಯನ್ನೇ ಕಳೆದುಕೊಂಡಿತು; 1937ರಲ್ಲಿ ಬ್ರಿಟನ್ನಿನ ಸೆನ್ಸಾರ್ ಮಂಡಲಿಯು ಭಯಾನಕ ಚಿತ್ರಗಳಿಗೆಂದೇ ‘ಎಚ್’ ಎಂಬ ಪ್ರಮಾಣಪತ್ರವನ್ನು ವಿಧಿಸಿ ಮಕ್ಕಳಿಗೆ ಪ್ರವೇಶವನ್ನು ಮುಚ್ಚಿತು. ಎರಡು ವರ್ಷ ಈ ಜಾತಿಯ ಚಿತ್ರಗಳು ಬಹುಮಟ್ಟಿಗೆ ನಿಂತೇ ಹೋದವು. ಅವುಗಳಿಗೆ ಮರುಜೀವ ಬಂದದ್ದು ಪ್ರಯೋಗಶಾಲೆಯಲ್ಲಲ್ಲ, ಟಿಕೆಟ್ಟಿನ ಗೂಡಿನಲ್ಲಿ. 1938ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನ ರೆಜಿನಾ ಎಂಬ ಚಿತ್ರಮಂದಿರದವರು ‘ಡ್ರಾಕುಲಾ’, ‘ಫ್ರಾಂಕೆನ್‌ಸ್ಟೈನ್’, ‘ಸನ್ ಆಫ್ ಕಾಂಗ್’ ಎಂಬ ಮೂರು ಹಳೆಯ ಚಿತ್ರಗಳನ್ನು ಒಟ್ಟಿಗೆ ಹಾಕಿದಾಗ ಜನ ಬೀದಿಯುದ್ದಕ್ಕೂ ಸಾಲುಗಟ್ಟಿದರು. ಸಂಸ್ಥೆಯು ಕೂಡಲೆ ಎಚ್ಚೆತ್ತು, ಮೊದಲೆರಡನ್ನು ಜೋಡಿಯಾಗಿ ದೇಶಕ್ಕೆಲ್ಲ ಹಂಚಿ, 1939ರ ಜನವರಿಗೆ ‘ಸನ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರವನ್ನು ಸಿದ್ಧಪಡಿಸಿತು.

ರೌಲಂಡ್ ಲೀ ನಿರ್ದೇಶಿಸಿದ ಈ ಮೂರನೆಯ ಚಿತ್ರದ ಆರಂಭದಲ್ಲಿಯೇ ಒಂದು ಸ್ವಾರಸ್ಯವಿದೆ. ರೈಲಿನಲ್ಲಿ ತಂದೆಯ ಊರಿಗೆ ಬರುತ್ತಿರುವ ಮಗ ವುಲ್ಫ್ ಫ್ರಾಂಕೆನ್‌ಸ್ಟೈನನು, ತನ್ನ ತಂದೆ ಮಾಡಿದ ವಿಕಾರಪ್ರಾಣಿಯನ್ನು ಹತ್ತರಲ್ಲಿ ಒಂಬತ್ತು ಮಂದಿ ಯಾವ ಹೆಸರಿನಿಂದ ಕರೆಯುತ್ತಾರೆ ಗೊತ್ತೆ ಎಂದು ಹೆಂಡತಿಯೊಡನೆ ನೊಂದು ಹೇಳುತ್ತಿರುವಾಗ, ವಾಕ್ಯ ಮುಗಿಯುವ ಮೊದಲೇ ರೈಲಿನ ನೌಕರನು ನಿಲ್ದಾಣದ ಹೆಸರನ್ನು ಕೂಗುತ್ತಾನೆ: ಫ್ರಾಂಕೆನ್‌ಸ್ಟೈನ್! ಮಾಡಿದವನ ಹೆಸರು ಮಾಡಿದ್ದಕ್ಕೆ ಅಂಟಿಕೊಂಡಿತ್ತು. ಈಗ ಊರಿಗೂ ಅಂಟಿತು. ಮಾಲಿಕೆಯು ತನ್ನ ಜನಪ್ರಿಯತೆಯನ್ನು ತಾನೇ ಗುರುತಿಸಿಕೊಂಡು ಅದರ ಮೇಲೊಂದು ಚಟಾಕಿ ಹಾರಿಸಿದ ಕ್ಷಣವಿದು. ಕೃತಕಮಾನವನಾದರೋ ಮತ್ತೆ ಮೂಕನಾಗಿದ್ದಾನೆ. ಕಲಿತ ಮಾತು ಎಲ್ಲಿ ಹೋಯಿತೆಂದು ಕೇಳುವವರಿಲ್ಲ. ನೇಣಿಗೇರಿಯೂ ಸಾಯದೆ ಉಳಿದ, ಕತ್ತು ಮುರಿದ ಈಗೋರ್ ಎಂಬವನು ತನಗೆ ಮರಣದಂಡನೆ ವಿಧಿಸಿದ ಪಂಚಾಯತರನ್ನು ಒಬ್ಬೊಬ್ಬರನ್ನಾಗಿ ಕೊಲ್ಲಿಸಲು ಇವನನ್ನು ಉಪಕರಣವಾಗಿ ಬಳಸುತ್ತಾನೆ. ಬೆಲಾ ಲುಗೋಸಿಯ ಈಗೋರನು ನಿಜವಾದ ಸೃಷ್ಟಿ, ಅದನ್ನು ಒಪ್ಪಲೇಬೇಕು. ಆದರೆ ಹಿಂದಿನ ಎರಡು ಚಿತ್ರಗಳಲ್ಲಿ ಕೃತಕಮಾನವನು ಕತೆಯ ಕರ್ತೃಪದವಾಗಿದ್ದನು, ಇಲ್ಲಿ ಕರಣಪದವಾದನು. ಕನ್ನಡಿಯಲ್ಲಿ ತನ್ನ ಮುಖವನ್ನು ಕಂಡು ಹೇಸುವಲ್ಲಿಯೂ, ಸತ್ತ ಈಗೋರನ ಮುಂದೆ ಊಳಿಡುವಲ್ಲಿಯೂ ಹಳೆಯ ಕರುಣದ ಪಸೆ ಇನ್ನೂ ಉಳಿದಿದೆ. ಪಾತ್ರದಲ್ಲಿ ಇನ್ನು ಮಾಡುವುದೇನೂ ಇಲ್ಲವೆಂದು ಬಗೆದ ಕಾರ್ಲಾಫನು ಈ ಚಿತ್ರದೊಡನೆ ಆ ವೇಷವನ್ನು ಕಳಚಿಟ್ಟನು.

ವೇಷ ಉಳಿಯಿತು. ಇದು ಮುಖ್ಯವಾದ ಮಾತು. ನಮ್ಮ ಮನೆಗಳಲ್ಲಿ ಮಕ್ಕಳನ್ನು ಹೆದರಿಸುವ ಗುಮ್ಮನಿಗೆ ಮುಖವಿಲ್ಲ, ಆದ್ದರಿಂದಲೇ ಎಷ್ಟು ತಲೆಮಾರು ಕಳೆದರೂ ಅವನು ಹಳಬನಾಗುವುದಿಲ್ಲ. ಯೂನಿವರ್ಸಲ್ಲಿನ ಗುಮ್ಮನಿಗೆ ಮುಖವಿತ್ತು, ಆ ಮುಖವು ಸಂಸ್ಥೆಯ ಸ್ವತ್ತಾಗಿತ್ತು. ಅದನ್ನು ಯಾರಿಗೆ ಬೇಕಾದರೂ ತೊಡಿಸಬಹುದಾಗಿತ್ತು. 1942ರ ‘ಗೋಸ್ಟ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ ಕಿರಿಯ ಲಾನ್ ಚೇನಿಗೆ ತೊಡಿಸಿದರು. ಹಿಂದಿನ ಚಿತ್ರ ತೊಂಬತ್ತೊಂಬತ್ತು ನಿಮಿಷದ್ದು, ಇದು ಅರುವತ್ತೇಳು. ಒಂದೇ ಟಿಕೆಟ್ಟಿಗೆ ಎರಡು ಚಿತ್ರಗಳನ್ನು ತೋರಿಸುವ ಪದ್ಧತಿಗೆ ಒಗ್ಗುವಂತೆ ಅಳೆದು ಕತ್ತರಿಸಿದ ಕತೆ. ಅದರ ಕೊನೆಯಲ್ಲಿ ಈಗೋರನ ಮಿದುಳನ್ನು ಕೃತಕಮಾನವನ ತಲೆಯೊಳಗೆ ಇಡುತ್ತಾರೆ. ಅವನು ಈಗೋರನ ಧ್ವನಿಯಲ್ಲಿ ಮಾತಾಡತೊಡಗಿ, ರಕ್ತದ ಗುಂಪು ಹೊಂದದೆ ಕುರುಡನಾಗುತ್ತಾನೆ.

ಈ ಕುರುಡುತನದಿಂದಲೇ ಮಾಲಿಕೆಯ ಅತ್ಯಂತ ವಿಚಿತ್ರವಾದ ಅಧ್ಯಾಯ ಹುಟ್ಟಿತು. 1943ರ ‘ಫ್ರಾಂಕೆನ್‌ಸ್ಟೈನ್ ಮೀಟ್ಸ್ ದ ವುಲ್ಫ್ ಮ್ಯಾನ್’ ಚಿತ್ರದಲ್ಲಿ, ಚೇನಿಯು ತೋಳಮಾನವನ ಪಾತ್ರದಲ್ಲಿದ್ದುದರಿಂದ, ಮಿದುಳು ಹೇಗೂ ಈಗೋರನದೇ ಎಂಬ ತರ್ಕದ ಮೇಲೆ ಕೃತಕಮಾನವನ ವೇಷವನ್ನು ಅರುವತ್ತರ ಲುಗೋಸಿಗೆ ಕೊಟ್ಟರು. ಕರ್ಟ್ ಸಿಯೋಡ್ಮಾಕನು ಬರೆದ ಮೂಲಪಾಠದಲ್ಲಿ ಅವನಿಗೆ ಮಾತಿತ್ತು, ತಾನು ಕುರುಡನೆಂದು ಹೇಳಿಕೊಳ್ಳುತ್ತಿದ್ದನು. ಲುಗೋಸಿಯು ಅದಕ್ಕನುಗುಣವಾಗಿ ತೋಳುಗಳನ್ನು ಮುಂದಕ್ಕೆ ಚಾಚಿ ತಡಕಾಡುತ್ತ ನಡೆದನು. ಚಿತ್ರೀಕರಣ ಮುಗಿದ ಮೇಲೆ ಆ ಮಾತುಗಳನ್ನೆಲ್ಲ ಕಿತ್ತುಹಾಕಿದರು. ಅವನ ಹಂಗೇರಿಯನ್ ಉಚ್ಚಾರಣೆ ಕೇಳಿ ಸ್ಟುಡಿಯೋದವರಿಗೆ ನಗು ಬಂತೆಂಬುದು ಸಿಯೋಡ್ಮಾಕನೇ ಮುಂದೆ ಕೊಟ್ಟ ಕಾರಣ. ಮಾತಿನೊಡನೆ ಕುರುಡುತನದ ಉಲ್ಲೇಖವೂ ಹೋಯಿತು. ಉಳಿದದ್ದು ಧ್ವನಿಯಿಲ್ಲದೆ ಅಲುಗುವ ತುಟಿ, ಕೊನೆಯಲ್ಲಿ ದೃಷ್ಟಿ ಮರಳಿದಾಗ ಮೂಡುವ, ಆದರೆ ನೋಡುವವನಿಗೆ ಏಕೆಂದು ತಿಳಿಯದ ಒಂದು ಕುಹಕದ ನಗೆ, ಮತ್ತು ನೆಟ್ಟಗೆ ಚಾಚಿದ ಎರಡು ಕೈಗಳು. ಇಂದಿಗೂ ಜಗತ್ತಿನ ಯಾವ ಮೂಲೆಯ ಮಗುವಾದರೂ ಫ್ರಾಂಕೆನ್‌ಸ್ಟೈನನನ್ನು ಅಣಕಿಸುವಾಗ ಕೈಗಳನ್ನು ಮುಂದಕ್ಕೆ ಚಾಚಿ, ಕಾಲುಗಳನ್ನು ಮರದಂತೆ ಎತ್ತಿಡುತ್ತದಲ್ಲ, ಆ ನಡಿಗೆ ಕಾರ್ಲಾಫನದಲ್ಲ. ಕಾರಣವನ್ನು ಕತ್ತರಿಸಿ ಕಾರ್ಯವನ್ನು ಮಾತ್ರ ಉಳಿಸಿಕೊಂಡ ಸಂಕಲನದ ಮೇಜಿನದು. ಬೆಳಕನ್ನು ಬೇಡಲು ಎತ್ತಿದ ಕೈಗಳು ಹನ್ನೆರಡು ವರ್ಷಗಳಲ್ಲಿ ಅರ್ಥವಿಲ್ಲದ ಮುದ್ರೆಯಾದವು. ಅನುಕೃತಿಯ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಂಡಿಲ್ಲ.

ಮುಂದಿನ ಎರಡು ಚಿತ್ರಗಳ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ‘ಹೌಸ್ ಆಫ್ ಫ್ರಾಂಕೆನ್‌ಸ್ಟೈನ್’ (1944) ಮತ್ತು ‘ಹೌಸ್ ಆಫ್ ಡ್ರಾಕುಲಾ’ (1945) ಚಿತ್ರಗಳಲ್ಲಿ ಡ್ರಾಕುಲಾ, ತೋಳಮಾನವ, ಗೂನುಬೆನ್ನಿನವರು, ಹುಚ್ಚು ವಿಜ್ಞಾನಿ ಎಲ್ಲರೂ ಜಾತ್ರೆಗೆ ಬಂದಂತೆ ಒಟ್ಟುಗೂಡುತ್ತಾರೆ. ಒಂದು ಭೂತ ಸಾಲದಾದಾಗ ಸಂಖ್ಯೆಯನ್ನು ಹೆಚ್ಚಿಸುವುದು ಮಾಲಿಕೆಗಳ ಹಳೆಯ ಉಪಾಯ. ಸಂಖ್ಯೆ ಹೆಚ್ಚಿದಷ್ಟೂ ಒಬ್ಬೊಬ್ಬರಿಗೆ ಸಿಗುವ ಹೊತ್ತು ಕಡಮೆ. ಈಗ ವೇಷ ಗ್ಲೆನ್ ಸ್ಟ್ರೇಂಜ್ ಎಂಬ ಆಜಾನುಬಾಹುವಿನ ಮೇಲಿತ್ತು. ಅವನಿಗೆ ನಡಿಗೆ ಕಲಿಸಿಕೊಟ್ಟವನು, ಮೊದಲನೆಯದರಲ್ಲಿ ಹುಚ್ಚು ವಿಜ್ಞಾನಿಯಾಗಿ ಮರಳಿ ಬಂದಿದ್ದ ಕಾರ್ಲಾಫನೇ. ಕಲಿತರೂ ನಡೆಯಲು ಅವಕಾಶವೆಲ್ಲಿ? ಕೃತಕಮಾನವನು ಬಹುಕಾಲ ಮೇಜಿನ ಮೇಲೆ ಮಲಗಿದ್ದು, ಕಡೆಯ ಕೆಲವು ನಿಮಿಷ ಎದ್ದು ಸಾಯುತ್ತಾನೆ. ಎರಡನೆಯದರಲ್ಲಿ ಅವನ ಸಾವನ್ನು ಹೊಸದಾಗಿ ಚಿತ್ರೀಕರಿಸುವ ಗೋಜಿಗೂ ಹೋಗದೆ, 1942ರ ಚಿತ್ರದ ಬೆಂಕಿಯ ತುಣುಕುಗಳನ್ನೇ ತಂದು ಅಂಟಿಸಿದರು.

ಹೀಗೆ ಭಯವೂ ಇಲ್ಲದೆ ನಗೆಯೂ ಇಲ್ಲದೆ ನಡುವೆ ನಿಂತುಹೋಗಿದ್ದ ಮಾಲಿಕೆಯನ್ನು ದಡ ಸೇರಿಸಿದವರು ಅಬಟ್ ಮತ್ತು ಕಾಸ್ಟೆಲ್ಲೊ ಎಂಬ ಹಾಸ್ಯಜೋಡಿ. 1948ರ ಅವರ ಚಿತ್ರದ ಪ್ರಚಾರಕ್ಕಾಗಿ ಕಾರ್ಲಾಫನು ಚಿತ್ರಮಂದಿರದ ಹೊರಗೆ ನಿಂತು ಫೋಟೋ ತೆಗೆಸಿಕೊಳ್ಳಲು ಒಪ್ಪಿದನು, ಒಳಗೆ ಹೋಗಿ ನೋಡಬೇಕಾಗಿಲ್ಲವೆಂಬ ಕರಾರಿನ ಮೇಲೆ. ಅವನ ಬೇಸರ ಅರ್ಥವಾಗುವಂಥದು. ಆದರೂ ನಿರ್ದೇಶಕ ಚಾರ್ಲ್ಸ್ ಬಾರ್ಟನ್ ಭೂತಗಳನ್ನು ಅಪಹಾಸ್ಯ ಮಾಡಲಿಲ್ಲವೆಂಬುದನ್ನು ಗಮನಿಸಬೇಕು. ಲುಗೋಸಿಯ ಡ್ರಾಕುಲಾ, ಚೇನಿಯ ತೋಳಮಾನವ ಇಬ್ಬರೂ ತಮ್ಮ ತಮ್ಮ ಗಾಂಭೀರ್ಯವನ್ನು ಬಿಟ್ಟುಕೊಡದೆ ನಡೆಯುತ್ತಾರೆ. ನಗೆಯೆಲ್ಲ ಅವರನ್ನು ಕಂಡ ಇಬ್ಬರು ಕೂಲಿಯವರದು. ಒಂದೆಡೆಯಂತೂ, ಪೆಟ್ಟಿಗೆಯಿಂದ ಎದ್ದ ಕೃತಕಮಾನವನೇ ಕುಳ್ಳ ಕಾಸ್ಟೆಲ್ಲೊನನ್ನು ಕಂಡು ಬೆಚ್ಚಿ ಹಿಂಜರಿಯುತ್ತಾನೆ. ಡ್ರಾಕುಲಾ ಅವನಿಗೆ ಧೈರ್ಯ ಹೇಳಬೇಕಾಗುತ್ತದೆ. ಕಳೆದುಹೋಗಿದ್ದ ಕರುಣದ ಒಂದು ಎಳೆ ಹಾಸ್ಯದ ಬಾಗಿಲಿನಿಂದ ಹೀಗೆ ಒಳಗೆ ಬಂದುದು ಆಶ್ಚರ್ಯ.

ಆ ಚಿತ್ರದಲ್ಲಿ ಇನ್ನೊಂದು ಸನ್ನಿವೇಶವಿದೆ. ಗುಪ್ತಕೋಣೆಯ ಕತ್ತಲಲ್ಲಿ ಕಾಸ್ಟೆಲ್ಲೊ ದಣಿದು ಒಂದು ಕುರ್ಚಿಯ ಮೇಲೆ ಕುಳಿತುಕೊಳ್ಳುತ್ತಾನೆ. ಕುಳಿತದ್ದು ಕೃತಕಮಾನವನ ತೊಡೆಯ ಮೇಲೆಂಬುದು ಪ್ರೇಕ್ಷಕರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಕೈಯನ್ನು ಕೈಯ ಮೇಲೆ ಇಟ್ಟುಕೊಳ್ಳುತ್ತಾನೆ. ಏನೋ ಸರಿಯಿಲ್ಲವೆಂದು ತೋರಿ ಕೆಳಗೆ ನೋಡಿ, ತನ್ನ ಕೈಗಳನ್ನು ಲೆಕ್ಕ ಹಾಕುತ್ತಾನೆ. ಒಂದು ಕೈ ಹೆಚ್ಚಾಗಿದೆ.