ಬಸ್ರೂರಂಗೆ ಎಂತ ಇತ್ತ್?

ಮೊನ್ನೆ ಬೆಂಗ್ಳೂರಿಂದ ಬಂದ ಮಗಳು, "ಅಮ್ಮ, ಬಸ್ರೂರಂಗೆ ಎಂತ ಇತ್ತ್? ಅಜ್ಜಿಮನಿ ಮಾರಿ ಬಿಡ್ಲಕ್ಕಲ್ದಾ?" ಕೇಂಡ್ಲ್. ನಂಗೆ ಥಟ್ಟನೆ ಬಾಯಿ ಬರ್ಲಿಲ್ಲೆ. ಅವ್ಳಿಗೆ ಹೇಳೂದನ್ನೇ ಇಲ್ಲಿ ಬರೀತೆ.

ಕುಂದಾಪುರದಿಂದ ಮೂಡ್ ಬದಿಗೆ ಹೋದ್ರೆ ಬಸ್ರೂರ್. ಕಡ್ಲ್ ಕಾಣ್ತಿಲ್ಲೆ, ವಾರಾಹಿ ಹೊಳಿ ಮಾತ್ರ. ಇದು ಬಂದರು ಆಗಿದ್ದಿತ್ ಅಂದ್ರೆ ಯಾರೂ ನಂಬೂದಿಲ್ಲೆ. ಆದ್ರೆ ಕಡ್ಲಿಂದ ಒಳಗಿದ್ದದ್ದೇ ಅದ್ರ ಅನುಕೂಲ. ದೋಣಿಗೆ ಕಡ್ಲಿನ ಅಬ್ಬರ ಇಲ್ಲೆ. ಘಟ್ಟದ ಕಾಳುಮೆಣಸು ಇಳೂಕೂ, ಬೈಲುಗದ್ದಿ ಅಕ್ಕಿ ಏರೂಕೂ ಹತ್ರ. ವಾರಾಹಿ, ಸೌಪರ್ಣಿಕಾ, ಚಕ್ರಾ ಎಲ್ಲ ಒಟ್ಟಾಗಿ ಗಂಗೊಳ್ಳಿಯಲ್ಲಿ ಕಡ್ಲ್ ಸೇರುವ ಕಾರಣ, ಆ ಅಳಿವೆ ಬಾಗಿಲಲ್ಲಿ ಕೂತವ್ರಿಗೆ ಒಳಗಿನ ವ್ಯಾಪಾರವೆಲ್ಲ ಕೈಗೆ ಸಿಕ್ಕಿದಂಗೆ.

ವಿಜಯನಗರದ ಕಾಲದ ಶಾಸನಗಳಲ್ಲಿ ಇಲ್ಲಿಯ ಮೂಡುಕೇರಿ, ಪಡುಕೇರಿ ಅಂತ ಬತ್ತ್; ಊರಿನ ವ್ಯಾಪಾರಸ್ಥರಿಗೆ 'ಹಲರು' ಅಂಬ್ರ್. ಸುಮಾರು 1515ರ ಹೊತ್ತಿಗೆ ಬರೆದ ಪೋರ್ಚುಗೀಸ ಬಾರ್ಬೋಸ, ಇಲ್ಲಿಂದ ಹೊರಮುಜ್, ಏಡನ್ ಕಡೆಗೆ ಅಕ್ಕಿ ಹೋಗ್ತದೆ, ಮಲಬಾರಿನವ್ರು ತೆಂಗಿನಕಾಯಿ ತಂದು ಅಕ್ಕಿ ಒಯ್ತಾರೆ ಅಂದಿದ್ದ. ನಮ್ಮೂರಿಗೆ ತೆಂಗಿನಕಾಯಿ ಹೊರಗಿಂದ ಬಂದದ್ದಾ! ನಂಗೆ ನೆಗಿ ಬಂತ್.

ಪೋರ್ಚುಗೀಸ್ರಿಗೆ ಇದು 'ಬಾರ್ಸೆಲೋರ್'. ಅವ್ರು 1569ರಲ್ಲಿ ಕುಂದಾಪುರದ ಬದಿ ಕೋಟೆ ಕಟ್ಟಿ ಅಳಿವೆ ಬಾಗಿಲು ಹಿಡಿದ್ರ್. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಆ ಕೋಟೆ ಕಿತ್ತುಕೊಂಡ. ಅದಾದ ಮೇಲೆ 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜ್ರು ಮಾಲ್ವಣದಿಂದ ಹಡಗಲ್ಲಿ ಬಂದು ಬಸ್ರೂರ್ ಲೂಟಿ ಮಾಡಿ, ಹೋಪತ್ತಿಗೆ ಗೋಕರ್ಣದಲ್ಲಿ ಇಳಿದ್ರ್. ಈಗ ಕೆಲವ್ರು ಅದನ್ನ ಪೋರ್ಚುಗೀಸ್ರಿಂದ ಬಿಡುಗಡೆ ಮಾಡಿದ್ದ್ ಅಂಬ್ರ್. ಅಷ್ಟೊತ್ತಿಗೆ ಊರು ಕೆಳದಿಯವ್ರ ಕೈಯಲ್ಲಿತ್ತಲ್ದಾ? ಲೂಟಿ ಆದದ್ದು ನಮ್ಮ ಹಲರ ಮಂಡಿ.

ಆಮೇಲೆ ಹಡಗು ದೊಡ್ಡದಾಯ್ತ್, ವ್ಯಾಪಾರ ಮಂಗ್ಳೂರಿಗೆ ಜಾರ್ತ್, ಹೆದ್ದಾರಿಯೂ ಕುಂದಾಪುರದ ಮೇಲೆಯೇ ಹೋಯ್ತ್. ಬಸ್ರೂರಿಗೆ ದೇವಸ್ಥಾನ, ಕಲ್ಲು, ಶಾಸನ ಉಳ್ದೊ.

ಆಯ್ತವಾರ ಮಗಳನ್ನ ಕರ್ಕೊಂಡ್ ಹೊಳಿಬದಿಗೆ ಹೋದೆ. "ದೋಣಿ ಎಲ್ಲಿ ನಿಲ್ತಿದ್ದೊ?" ಕೇಂಡ್ಲ್. ನೀರಿನ ಬದಿ ಕೈ ತೋರ್ಸ್ದೆ. ಸುಮಾರ್ ಹೊತ್ತ್ ಅಲ್ಲೇ ನಿಂತ್ಲ್. ಮನಿ ಮಾತು ದೀಪಾವಳಿಗೆ ಅಣ್ಣ ಬಂದ ಮೇಲೆ.