ಮೆರುಗು

ಮೆರುಗು (ನಾಮಪದ): ಹೊಳಪು, ಕಾಂತಿ; ನಯಗೊಳಿಸಿದ ಮೈಯ ಮಿಂಚು.

ಇದು ದ್ರಾವಿಡ ಮೂಲದ ಪದ. ‘ಮಿರುಗು’ ಎಂಬ ಕ್ರಿಯಾಪದ ಇದರ ಹತ್ತಿರದ ನೆಂಟ. ತಮಿಳು, ತೆಲುಗುಗಳಲ್ಲೂ ‘ಮೆರುಗು’ ಉಂಟು. ತೆಲುಗಿನಲ್ಲಿ ಅದು ‘ಹೆಚ್ಚು ಉತ್ತಮ’ ಎಂಬ ಅರ್ಥಕ್ಕೂ ಬೆಳೆದಿದೆ. ವಾರ್ನಿಷ್‌ಗೆ ಕನ್ನಡದಲ್ಲಿ ‘ಮೆರುಗೆಣ್ಣೆ’ ಎಂಬ ಚಂದದ ಜೋಡುಪದವಿದೆ.

ಮನೆಯಲ್ಲೇ ಮಾಡಿದ ಮರದ ಬೀರುವಿಗೆ ಎನಾಮಲ್ ಬಳಿಯುವವರಿಗೆ ಈ ಪದದ ತೂಕ ಗೊತ್ತು. ನುಣುಪಾದ ಮೈ ಬೆಳಕನ್ನು ಒಂದೇ ದಿಕ್ಕಿಗೆ ಹಿಂತಿರುಗಿಸುತ್ತದೆ, ಒರಟು ಮೈ ಚೆದುರಿಸುತ್ತದೆ. ಹಾಗಾಗಿ ಮೆರುಗಿನ ಬಹುಪಾಲು ಕೆಲಸ ಬಣ್ಣಕ್ಕೆ ಮೊದಲೇ ಮುಗಿಯಬೇಕು. 120 ನಂಬರಿನ, ಆಮೇಲೆ 220 ನಂಬರಿನ ಸ್ಯಾಂಡ್‌ಪೇಪರಿನಿಂದ ಎಳೆಯ ಗುಂಟ ಉಜ್ಜಿ, ಪ್ರೈಮರ್ ಹಚ್ಚಿ, ಕುಳಿಗಳಿಗೆ ಪುಟ್ಟಿ ತುಂಬಿ ಮತ್ತೆ ಉಜ್ಜಬೇಕು. ಬಣ್ಣವನ್ನು ತೆಳುವಾಗಿ ಬಳಿದು, ಪೂರ್ತಿ ಒಣಗಿದ ಮೇಲೆ 320ರ ಕಾಗದದಿಂದ ಹಗುರಾಗಿ ತೀಡಿ, ದೂಳೊರೆಸಿ, ಇನ್ನೊಂದು ಕೈ ಬಳಿಯಬೇಕು. ದಪ್ಪಗೆ ಬಳಿದರೆ ಬಣ್ಣ ಇಳಿದು ಮೈ ಕೆಡುತ್ತದೆ.

ಚನ್ನಪಟ್ಟಣದ ಗೊಂಬೆಗಳ ದಾರಿ ಬೇರೆ. ಲೇತ್‌ನಲ್ಲಿ ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಹತ್ತುತ್ತದೆ. ಕೇದಗೆ ಜಾತಿಯ ಎಲೆಯಿಂದ ತೀಡಿದಾಗ ಮೆರುಗೇರುತ್ತದೆ.

ಬಳಕೆಯಲ್ಲಿ ‘ಹೊಳಪು’ ಮತ್ತು ‘ಮೆರುಗು’ಗಳ ನಡುವೆ ಸೂಕ್ಷ್ಮ ಅಂತರವಿದೆ. ಕಣ್ಣಿಗೆ, ನಕ್ಷತ್ರಕ್ಕೆ ಹೊಳಪು ಸಹಜವಾಗಿ ಇರುತ್ತದೆ. ಮೆರುಗನ್ನು ಸಾಮಾನ್ಯವಾಗಿ ಯಾರೋ ಕೊಡುತ್ತಾರೆ, ತರುತ್ತಾರೆ, ಹೆಚ್ಚಿಸುತ್ತಾರೆ. ‘ಸ್ತಬ್ಧಚಿತ್ರಗಳು ಮೆರವಣಿಗೆಗೆ ಮೆರುಗು ತಂದವು’ ಎಂದು ಪತ್ರಿಕೆಗಳು ಬರೆಯುವುದು ಇದೇ ಅರ್ಥದಲ್ಲಿ. ದುಡಿದ ಕೈಗಳಿಗೆ ಸಲ್ಲುವ ಗೌರವ ಈ ಪದದ ಬಳಕೆಯಲ್ಲೇ ಇದೆ.